ಸುಬೇದಾರ್ ಮಾವನ ರಿವಾಲ್ವರ್

ಬಿನ್ನಿಪೇಟೆಯ ನಮ್ಮ ವಠಾರದಲ್ಲಿ ಪರವಾನಗಿಯ ರಿವಾಲ್ವರ್ ಇದ್ದದ್ದು ಸುಬೇದಾರ್ ಮಾವನ ಮನೆಯಲ್ಲಿ ಮಾತ್ರ. ಅದನ್ನು ನಂಬುವಂತಿಲ್ಲ ಎಂಬುದೂ ಇಡೀ ವಠಾರಕ್ಕೆ ಗೊತ್ತಿತ್ತು. ಕಳ್ಳರಿಗೂ ಗೊತ್ತಿದ್ದಿರಬೇಕು. ಆದರೂ ಯಾರೂ ಆ ಕಡೆ ಸುಳಿಯಲಿಲ್ಲ. ಕದಿಯುವಂಥದ್ದು ನಮ್ಮಲ್ಲಿ ಯಾರ ಮನೆಯಲ್ಲೂ ಇರಲಿಲ್ಲ.

ಮಾವ ಮಿಲಿಟರಿಯಿಂದ ನಿವೃತ್ತರಾಗಿ ಮಿಲ್ಲಿನ ವಾಚ್ ಅಂಡ್ ವಾರ್ಡಿಗೆ ಸೇರಿದವರು. 1884ರಲ್ಲಿ ಶುರುವಾಗಿ, 1886ರಲ್ಲಿ ಬಿನ್ನಿ ಕಂಪನಿಯ ಕೈಸೇರಿದ ಆ ಮಿಲ್ಲು ಖಾಕಿ ಬಟ್ಟೆಗೆ ಹೆಸರಾಗಿತ್ತು. “ಸರ್ವೀಸು ಪೂರ್ತಿ ಮೈಮೇಲಿದ್ದ ಬಟ್ಟೆಯ ತವರುಮನೆ ಕಣೋ ಇದು” ಎನ್ನುತ್ತಿದ್ದರು. ಪಟಾಲಮ್ಮಿನಲ್ಲಿ ಹಿಡಿದ .38 ನಾಗರಿಕರಿಗೆ ನಿಷೇಧಿತ ಬೋರು. ವಿದೇಶಿ ಮಾಲಿನ ಆಮದು ಎಂಬತ್ತರ ದಶಕದಲ್ಲೇ ನಿಂತಿತ್ತು. ಹಾಗಾಗಿ ವಿಂಧ್ಯದಾಚೆಯ ಒಂದು ಸರ್ಕಾರಿ ಕಾರ್ಖಾನೆಯ .32, ಆರು ಗುಂಡಿನದು, ಅವರ ಬೀರು ಸೇರಿತು.

ಕುದುರೆ ಎಳೆದರೆ ಸುತ್ತಿಗೆ ಬೀಳುತ್ತಿತ್ತು. ಆರರಲ್ಲಿ ಒಂದೋ ಎರಡೋ ಸಲ ‘ಟಿಕ್’ ಎಂದು ಸುಮ್ಮನಾಗುತ್ತಿತ್ತು. ರೇಂಜಿನಿಂದ ಹಾಗೆ ಬಂದ ಒಂದು ಗುಂಡನ್ನು ಮಾವ ಭೂತಗನ್ನಡಿಯ ಕೆಳಗಿಟ್ಟು ನಮಗೆಲ್ಲ ತೋರಿಸಿದ್ದರು. ಹಿತ್ತಾಳೆಯ ತಳದ ನಡುವೆ ಪುಟ್ಟ ಕ್ಯಾಪು, ಅದರ ಮೇಲೆ ಉಗುರು ಒತ್ತಿದಷ್ಟು ಗುರುತು. “ನೋಡು, ಸ್ಪ್ರಿಂಗಿಗೆ ದಮ್ಮಿಲ್ಲ. ಪಿನ್ನು ಮುತ್ತಿಟ್ಟಿದೆ, ಹೊಡೆದಿಲ್ಲ.” ವರ್ಷಕ್ಕೆ ಎಷ್ಟು ಗುಂಡು ಕೊಳ್ಳಬಹುದೆಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ; ಹಾರದ ಗುಂಡೂ ಆ ಲೆಕ್ಕದೊಳಗೇ. ಅವರಿಗೆ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೆ.

ಅಲ್ಲಿಂದ ಪತ್ರವ್ಯವಹಾರ ಆರಂಭವಾಯಿತು. ಮಾಗಡಿ ರಸ್ತೆಯಲ್ಲಿ ಟೈಪು ಮಾಡಿಸಿ, ಕಾರ್ಬನ್ ಪ್ರತಿ ಇಟ್ಟುಕೊಂಡು, ರಿಜಿಸ್ಟರ್ ಅಂಚೆಯಲ್ಲಿ ದೂರು ಹೋಗುತ್ತಿತ್ತು. ಪತ್ರ ತಲುಪಿದೆ, ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಿದೆ ಎಂಬ ಉತ್ತರ ಬರುತ್ತಿತ್ತು. ಒಮ್ಮೆ ಮಾತ್ರ ಆಯುಧವನ್ನು ಖುದ್ದಾಗಿ ತಂದು ಹಾಜರುಪಡಿಸುವುದು ಎಂದು ಬಂತು. ಮಾವನ ಲೈಸೆನ್ಸೋ, ಕರ್ನಾಟಕದ ಗಡಿಯೊಳಗೆ ಮಾತ್ರ ನಡೆಯುವಂಥದ್ದು. ದಾಟಿಸಲು ಅನುಮತಿ ಕೇಳಿದರೆ, ಕಾರ್ಖಾನೆ ಯಾವ ತಾರೀಕಿಗೆ ಕರೆದಿದೆ ಎಂದು ಲೈಸೆನ್ಸ್ ಕಚೇರಿಯವರು ಪತ್ರ ಕೇಳಿದರು. ತಾರೀಕು ಕೊಡಿ ಎಂದರೆ, ಮೊದಲು ಅನುಮತಿಯ ಪ್ರತಿ ಕಳಿಸಿ ಎಂದು ಕಾರ್ಖಾನೆಯವರು ಬರೆದರು. ಇಬ್ಬರದ್ದೂ ನ್ಯಾಯವೇ, ಏನು ಮಾಡುವುದು!

ಆ ದಿನಗಳಲ್ಲಿ ನಮ್ಮ ಕೈಯಲ್ಲೂ ಪಿಸ್ತೂಲುಗಳಿದ್ದವು, ದೀಪಾವಳಿಯ ಕೇಪಿನವು. ಸದ್ದು ಮಾಡದಿದ್ದರೆ ಕಾಟನ್‌ಪೇಟೆಯ ಅಂಗಡಿಗೆ ಓಡುತ್ತಿದ್ದೆವು. ಶೆಟ್ಟರು “ಕೇಪಿಗೆ ಶೀತ ಹಿಡಿಸಿ ನನ್ನ ತಲೆ ತಿನ್ನೋಕೆ ಬರ್ತೀರಾ” ಎಂದು ಬೈಯುತ್ತಲೇ ಬೇರೆ ಪಿಸ್ತೂಲು ಕೊಡುತ್ತಿದ್ದರು. ಗ್ರಾಹಕ ಸೇವೆ ಎಂದರೆ ಇಂದಿಗೂ ನನಗೆ ಆ ಬೈಗುಳವೇ ನೆನಪಾಗುತ್ತದೆ.

ತಪ್ಪೆಲ್ಲ ಕಾರ್ಖಾನೆಯದೇ ಎನ್ನಲಾರೆ. ಆಯುಧಪೂಜೆಯಂದು ಅತ್ತೆ ರಿವಾಲ್ವರಿಗೆ ಗಂಧ, ಕುಂಕುಮ ಧಾರಾಳವಾಗಿ ಮೆತ್ತುತ್ತಿದ್ದರು. ತುಕ್ಕು ಹಿಡಿಯದಿರಲೆಂದು ಆಗಾಗ ಕೊಬ್ಬರಿಎಣ್ಣೆ ಸವರುತ್ತಿದ್ದರು. ಅದು ಒಳಗೆ ಅಂಟಾಗಿ ಸುತ್ತಿಗೆಯ ವೇಗ ತಗ್ಗಿಸುತ್ತದೆಂದು ಮಾವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೆಂಡತಿಯ ಮೇಲೆ ದೂರು ಬರೆಯುವುದಕ್ಕಿಂತ ಕಾರ್ಖಾನೆಯ ಮೇಲೆ ಬರೆಯುವುದು ಸುಲಭ. ಇನ್ನು ಚುನಾವಣೆ ಘೋಷಣೆಯಾದರೆ ರಿವಾಲ್ವರನ್ನು ಠಾಣೆಯಲ್ಲಿ ಜಮಾ ಮಾಡಬೇಕಿತ್ತು. ತೊಗಲು ತೇವ ಹೀರುವಂಥದ್ದು. ಅದರ ಚೀಲದಲ್ಲೇ ತಿಂಗಳುಗಟ್ಟಲೆ ಮಲಗಿ ಬಂದ ರಿವಾಲ್ವರಿನ ಮೈಮೇಲೆ ಕೆಂಪು ಚುಕ್ಕಿ. ಅದಕ್ಕೂ ಒಂದು ಪತ್ರ.

ಅಷ್ಟರಲ್ಲಿ ಮಿಲ್ಲು ಮುಚ್ಚಿತು. ಪಾಳಿ ಬದಲಾವಣೆಗೆ ಕೂಗುತ್ತಿದ್ದ ಸೈರನ್ ನಿಂತಿತು. ಆ ಜಾಗದಲ್ಲಿ ಮುಂದೆ ಅಪಾರ್ಟ್‌ಮೆಂಟು, ಮಾಲು ಎದ್ದವು. ಜೊತೆಗಾರರು ಒಬ್ಬೊಬ್ಬರಾಗಿ ಊರ ಕಡೆ ಹೊರಟುಹೋದರು. ಮಾವನ ಹೆಸರಿಗೆ ಬರುತ್ತಿದ್ದದ್ದು ಪಿಂಚಣಿಯ ಕಾಗದ ಮತ್ತು ಕಾರ್ಖಾನೆಯ ಉತ್ತರ, ಎರಡೇ. ಎರಡನೆಯದಕ್ಕೆ ಅವರು ಗೇಟಿನ ಬಳಿ ಕಾಯುತ್ತಿದ್ದರು. ಅಂಚೆಯವನು ಸೈಕಲ್ ಇಳಿಯದೆಯೇ ತಲೆಯಾಡಿಸಿದರೆ, ಒಳಗಿನಿಂದ ಅತ್ತೆ, “ಏನ್ರೀ, ಬಂತಾ ನಿಮ್ಮ ಬೀಗರ ಕಾಗದ?” ಎಂದು ಕೇಳುವರು. “ಬರತ್ತೆ ಬಿಡೆ, ಸರ್ಕಾರದ ಕೆಲಸ ಅಂದ್ರೆ ಸುಮ್ನೇನಾ” ಎನ್ನುವರು. ಕಾರ್ಖಾನೆಯವರು ಆ ಸ್ಪ್ರಿಂಗನ್ನು ಬೇಗ ಬದಲಾಯಿಸಿಕೊಟ್ಟಿದ್ದರೆ ಆ ದಿನಗಳನ್ನು ಅವರು ಏನು ಮಾಡುತ್ತಿದ್ದರೋ ಎಂದು ಈಗ ಅನಿಸುತ್ತದೆ. ಸಾಲು ಸಾಲಾಗಿ ಪೇರಿಸಿಟ್ಟ ಆ ಕಾರ್ಬನ್ ಪ್ರತಿಗಳಲ್ಲಿ ಒಂದರಲ್ಲಂತೂ, ಸ್ಪ್ರಿಂಗಿನ ವಿಷಯ ಮುಗಿಸಿ, ಇಲ್ಲಿ ಈ ವರ್ಷ ಮಳೆ ಚೆನ್ನಾಗಿದೆ ಎಂದು ಬರೆದಿದ್ದರು.

ಮಾವ ಹೋದ ಮೇಲೆ, ಕಾನೂನಿನ ಪ್ರಕಾರ, ರಿವಾಲ್ವರನ್ನು ಠಾಣೆಗೆ ಒಪ್ಪಿಸಲು ಅತ್ತೆಯ ಜೊತೆ ನಾನೂ ಹೋಗಿದ್ದೆ. ರೈಟರು ನಂಬರು ಬರೆದುಕೊಂಡು, “ಅಮ್ಮಾ, ಕೆಲಸ ಮಾಡತ್ತಾ ಇದು?” ಎಂದರು. ಅತ್ತೆ ಸೆರಗಿನಿಂದ ಹಿಡಿಯ ಮೇಲಿನ ಒಣಕುಂಕುಮ ಒರೆಸಿ, “ಚೆನ್ನಾಗಿದೆ ಅಂತ ಬರ್ಕೊಳ್ಳಿ. ಅವರು ದಿನಾ ನೋಡ್ಕೊಳ್ತಿದ್ರು” ಎಂದರು. ರಸೀತಿಯಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದೇ ಇದೆ. ಮಾವ ಇದ್ದಿದ್ದರೆ ಅದಕ್ಕೊಂದು ಆಕ್ಷೇಪಣೆ ಟೈಪು ಮಾಡಿಸಿ, ರಿಜಿಸ್ಟರ್ ಅಂಚೆಯಲ್ಲೇ ಹಾಕಿರುತ್ತಿದ್ದರು.