ಹಳೆಯ ಮಸೂರಕ್ಕೆ ಹೊಸ ಒರೆಗಲ್ಲು

ಹಿರಿಯೂರು ತಾಲ್ಲೂಕಿನ ಧರ್ಮಪುರದಂತಹ ಹೋಬಳಿಯ ಊರಿನಲ್ಲಿ ಛಾಯಾಚಿತ್ರಕಾರನ ಜೀವನವು ಸಾಗುವುದು ಮದುವೆ, ಗೃಹಪ್ರವೇಶ, ಜಾತ್ರೆಗಳಿಂದ. ಕಾಲಕ್ಕೆ ತಕ್ಕಂತೆ ಆತನು ಕ್ಯಾಮೆರಾವನ್ನು ಬದಲಿಸಿದರೂ ಮಸೂರವನ್ನು ಸುಲಭವಾಗಿ ಬದಲಿಸಲಾರನು. ಒಮ್ಮೆ ಪರೀಕ್ಷಿಸಿ ಒಳ್ಳೆಯದೆಂದು ತಿಳಿದ ಮಸೂರವನ್ನು ಹೊಸ ಕ್ಯಾಮೆರಾಕ್ಕೆ ತೊಡಿಸಿದಾಗ ಮತ್ತೆ ಪರೀಕ್ಷಿಸಬೇಕೆ? ಗಾಜು ಅದೇ ಅಲ್ಲವೆ?

ಕಲ್ಲೂ ಅದೇ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿರುವ ಮಯೂರಶರ್ಮನ ಶಾಸನದ ಪಾಠವನ್ನು ಎಂ. ಎಚ್. ಕೃಷ್ಣರವರು ಮೈಸೂರು ಪುರಾತತ್ತ್ವ ಇಲಾಖೆಯ 1929ರ ವರದಿಯಲ್ಲಿ ಕೊಟ್ಟರು. ಮುಂದಿನ ವಿದ್ವಾಂಸರು ಆ ಪಾಠವನ್ನು ಮರಳಿ ಪರಿಶೀಲಿಸಿದರು. ಅಕ್ಷರಗಳು ಬದಲಾಗಿರಲಿಲ್ಲ, ನೋಡುವ ಕಣ್ಣು ಬೇರೆಯಾಗಿತ್ತು.

ಕ್ಯಾಮೆರಾದ ವಿಷಯವೂ ಹೀಗೆಯೇ. 2008ರ ನಿಕಾನ್ ಡಿ700 ಯಂತ್ರವು ಚಿತ್ರದ ಉದ್ದಕ್ಕೆ 4,256 ಬಿಂದುಗಳನ್ನು ಹಿಡಿಯುತ್ತಿತ್ತು; 2012ರ ಡಿ800 ಹೆಚ್ಚುಕಡಮೆ ಅದೇ ಅಳತೆಯ ಫಲಕದಲ್ಲಿ 7,360 ಬಿಂದುಗಳನ್ನು ಹಿಡಿಯಿತು. ಒಟ್ಟು ಬಿಂದುಗಳು ಮೂರು ಪಟ್ಟಾದರೂ ಉದ್ದಕ್ಕೆ ಹೆಚ್ಚಿದುದು ಒಂದೂ ಮುಕ್ಕಾಲು ಪಟ್ಟು ಮಾತ್ರವೆಂಬುದನ್ನು ಗಮನಿಸತಕ್ಕದ್ದು. ದಪ್ಪ ಕಣ್ಣಿನ ಜರಡಿಯಲ್ಲಿ ಇಳಿದುಹೋದ ರಾಗಿಹಿಟ್ಟಿನ ತರಿಯು ಸಣ್ಣ ಕಣ್ಣಿನ ಜರಡಿಯಲ್ಲಿ ನಿಲ್ಲುವುದು. ತರಿಯು ಹೊಸತಾಗಿ ಹುಟ್ಟಿದುದಲ್ಲ. ಹಿಂದೆ ಕಾಣಲಿಲ್ಲ, ಅಷ್ಟೆ. ಮಸೂರದ ದೋಷವೂ ಅಂತೆಯೇ.

ಈ ದೋಷವು ಸಾಮಾನ್ಯವಾಗಿ ಚಿತ್ರದ ಅಂಚುಗಳಲ್ಲಿ ಹೆಚ್ಚು. ಮದುವೆಯ ಗುಂಪುಚಿತ್ರದ ಅಂಚಿನಲ್ಲಿ ನಿಲ್ಲುವವರು ಯಾರು? ಬಡ ನೆಂಟರು, ಸಂಕೋಚದ ಮುದುಕಿಯರು, ಕರೆಯದೆ ಓಡಿಬಂದ ಮಕ್ಕಳು. ನಡುವೆ ಕುಳಿತ ವಧೂವರರಿಗೆ ನೂರು ಚಿತ್ರಗಳುಂಟು. ಅಂಚಿನವರಿಗೆ ಒಮ್ಮೊಮ್ಮೆ ಅದೊಂದೇ. ಆ ಮುಖವು ಮಸಕಾದರೆ ಮುಂದೆ ಹುಡುಕಿ ಬರುವ ಮಗನಿಗೆ ಏನು ಕೊಡುವುದು?

ಆದುದರಿಂದ ಪರೀಕ್ಷೆಯು ವ್ಯರ್ಥವಲ್ಲ, ಕಷ್ಟವೂ ಅಲ್ಲ. ಗೋಡೆಗೆ ವೃತ್ತಪತ್ರಿಕೆಯ ಹಾಳೆಗಳನ್ನು ಅಂಟಿಸಿ, ಮುಕ್ಕಾಲಿಯ ಮೇಲೆ ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ನಿಲ್ಲಿಸಿ, ಎಫ್ 2.8, 5.6, 8, 16 ಎಂದು ಬೆಳಕಿನ ರಂಧ್ರವನ್ನು ಕಿರಿದುಗೊಳಿಸುತ್ತ ಚಿತ್ರಗಳನ್ನು ತೆಗೆದರಾಯಿತು. ರಂಧ್ರವನ್ನು ತುಸು ಕಿರಿದಾಗಿಸಿದರೆ ಅಂಚು ಸಾಮಾನ್ಯವಾಗಿ ಸ್ಫುಟವಾಗುವುದು. ಅತಿಯಾಗಿ ಕಿರಿದಾಗಿಸಿದರೆ ಬೆಳಕು ರಂಧ್ರದ ಅಂಚಿನಲ್ಲಿ ಬಾಗಿ ಹರಡುವುದರಿಂದ ಚಿತ್ರವೆಲ್ಲ ಮೆತ್ತಗಾಗುವುದು. ಒಂದೇ ಬದಿಯು ಮಸಕಾಗಿದ್ದರೆ ಮಸೂರವನ್ನು ದೂರುವ ಮೊದಲು ಕ್ಯಾಮೆರಾ ಓರೆಯಾಗಿ ನಿಂತಿದೆಯೇ ಎಂದು ನೋಡಬೇಕು.

ಆದರೆ ಇದಕ್ಕೂ ಮಿತಿಯುಂಟು. ಗಿರಾಕಿಗೆ ಕೊಡುವುದು ಅಂಗೈಯಗಲದ ಚಿತ್ರವಾದರೆ ಎರಡು ಕ್ಯಾಮೆರಾಗಳ ಭೇದವು ಬರಿಗಣ್ಣಿಗೆ ಕಾಣುವುದು ಕಷ್ಟ. ಗೋಡೆಗೆ ತೂಗುಹಾಕುವ ದೊಡ್ಡ ಚಿತ್ರವಾದರೆ ಕಾಣುವುದು. ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ದೋಷವನ್ನೇ ಹುಡುಕುವವನು ಕೊನೆಗೆ ಬೇಡದ ಮಸೂರಕ್ಕೆ ಸಾಲ ಮಾಡುವನು. ತಾನು ಅಚ್ಚು ಹಾಕಿಸುವ ಅಳತೆಯಲ್ಲಿ ಒಮ್ಮೆ ಹೋಲಿಸಿ ನೋಡಿದವನಿಗೆ ಅಷ್ಟು ಖರ್ಚು ಬೀಳದೆ ಇರಬಹುದು, ಎಫ್ 5.6ಕ್ಕೆ ಇಳಿಸಿ, ಅಂಚಿನಲ್ಲಿ ನಿಂತವರನ್ನು ಎರಡು ಹೆಜ್ಜೆ ಒಳಕ್ಕೆ ಕರೆದರೆ ಸಾಕಾದೀತು.