ಮಿರಜಿನ ಗಲ್ಲಿಯಲ್ಲಿ ಅವ್ವನ ತಂಬೂರಿ

ನಮ್ಮ ಕಡೆಯವರಿಗೆ ಮಿರಜ ಅಂದರೆ ದವಾಖಾನಿ. ಚಿಕ್ಕೋಡಿ, ರಾಯಬಾಗದವರೂ ದೊಡ್ಡ ಜಡ್ಡು ಬಂದರೆ ಅಲ್ಲಿಗೇ ಓಡುತ್ತಾರೆ. ಈ ಸಲ ಅಥಣಿಯಿಂದ ಕಾಗವಾಡ, ಮ್ಹೈಸಾಳ ದಾಟಿ ನಾವು ಕರೆದೊಯ್ದ ಪೇಶಂಟು ಮಾತ್ರ ಅವ್ವನ ತಂಬೂರಿ. ಅವ್ವ ಹೋದ ಮೇಲೆ ಅಟ್ಟ ಸೇರಿದ್ದು, ಬುರುಡೆಗೆ ಸೀಳು ಬಿಟ್ಟಿತ್ತು. ಮಗಳು ಸಂಗೀತ ಕ್ಲಾಸಿಗೆ ಸೇರಿದ್ದರಿಂದ ಅದರ ನೆನಪಾಯಿತು.

ಮಿರಜಿನ ಸತಾರಮೇಕರ ಗಲ್ಲಿಯವರ ಹಿರಿಯರು ಶಿಕಲಗಾರರು, ಕತ್ತಿ-ಖಡ್ಗಕ್ಕೆ ಸಾಣೆ ಹಿಡಿಯುತ್ತಿದ್ದವರು. ಆ ಕೆಲಸ ಕುಂದಿದಾಗ ಸಿತಾರ, ತಂಬೂರಿ ಮಾಡಲು ಕೂತರು. 2024ರಲ್ಲಿ ಇಲ್ಲಿಯ ಸಿತಾರ, ತಂಬೂರಿಗೆ ಜಿಐ ಟ್ಯಾಗ್ ಸಿಕ್ಕಿದೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಇದೇ ಊರಲ್ಲಿ.

ಅಂಗಡಿಯೊಳಗೆ ಸ್ಪಿರಿಟ್ಟಿನ ವಾಸನೆ. ಸೊಲ್ಲಾಪುರ ಜಿಲ್ಲೆಯಿಂದ ಬಂದ ಕಹಿ ಸೋರೆಯ ಬುರುಡೆಗಳು ಮಾಡಿಗೆ ಜೋತುಬಿದ್ದಿದ್ದವು. ಒಬ್ಬ ಹುಡುಗ ತೂನ್ ಮರದ ದಂಡಿಗೆಯನ್ನು ಕಾಗದದಿಂದ ಉಜ್ಜುತ್ತಿದ್ದ. ಬಣ್ಣದ ಕೆಲಸ ಆಮೇಲೆ. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯುಂಡೆಗೆ ಬಟ್ಟೆ ಸುತ್ತಿ ಅದ್ದಿ, ತೆಳ್ಳಗೆ ಎಳೆಯುತ್ತಾರೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಅವಸರ ಮಾಡಿದರೆ ಉಂಡೆ ಅಂಟಿ ಗೀರು ಬೀಳುತ್ತದೆ, ಮಳೆಗಾಲದ ಥಂಡಿಗೆ ಮೇಲೆ ಬೆಳ್ಳಗೆ ಮಂಜು ಹಿಡಿಯುತ್ತದೆ. ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಮಗಳಿಗೆ ಮೊಬೈಲಿನಲ್ಲಿ ಕಂಡಂಥ ಕೆಂಪು, ಕನ್ನಡಿಯಂಥ ಹೊಳಪು ಬೇಕಿತ್ತು. ಮುದುಕ ಉಸ್ತಾದರು ತಂಬೂರಿ ತಿರುಗಿಸಿ ನೋಡಿ ಮರಾಠಿ ಬೆರೆತ ಕನ್ನಡದಲ್ಲಿ ಅಂದರು: "ಹೊಳಪು ಬರತೈತಿ ಬೇಟಿ. ಆದ್ರ ತಬಲಿ ಮ್ಯಾಲ ದಪ್ಪ ಪಾಲಿಶ್ ಹಾಕಿದ್ರ ಆವಾಜ ದಬಾಯಿಸ್ತೈತಿ."

ಆಮೇಲೆ ದಂಡಿಗೆಯ ಒಂದು ಕಡೆ ಬೆರಳಿಟ್ಟರು. ಬಣ್ಣ ಪೂರ್ತಿ ಸವೆದು ಮರ ಕಾಣುತ್ತಿತ್ತು. "ಇದು ಹೆಬ್ಬಟ್ಟು ಊರೂ ಜಾಗಾ. ಭಾಳ ವರ್ಷ ನುಡಿಸ್ಯಾರ. ಎಲ್ಲಾ ಕೆರದು ಹೊಸಾ ಬಣ್ಣಾ ಹಚ್ಚಲೇನ್ರಿ ಅಕ್ಕಾರ?"

ನನಗೆ ಉತ್ತರ ಬರಲಿಲ್ಲ. ದಿನಾ ನಸುಕಿನಲ್ಲಿ ಅವ್ವ ಅಡುಗೆಮನೆಗೆ ಹೋಗುವ ಮುಂಚೆ ಅರ್ಧ ಗಂಟೆ ಕೂರುತ್ತಿದ್ದಳು. ಎಂದೂ ಸಭೆಯಲ್ಲಿ ಹಾಡಿದವಳಲ್ಲ, ಅಪ್ಪ ಹಾಡಗೊಡಲಿಲ್ಲ. ಅವಳು ಹಾಡಿದ್ದಕ್ಕೆ ಉಳಿದಿದ್ದ ಗುರುತು ಅದೊಂದೇ.

"ಅದೊಂದು ಬಿಡ್ರಿ," ಅಂದೆ. ಮಗಳು ಮುಖ ಊದಿಸಿದಳು. ಉಸ್ತಾದರು ಸೀಳು ತುಂಬಿ, ಅಲ್ಲಷ್ಟೇ ಹಳೆಯ ಬಣ್ಣಕ್ಕೆ ಹೊಂದುವಂತೆ ಹಚ್ಚಿ, ಸವೆದ ಕಡೆಗೆ ಬರೀ ಅರಗಿನ ಒಂದು ತೆಳು ಕೈ ಎಳೆಯುವುದಾಗಿ ಹೇಳಿ ಹದಿನೈದು ದಿನ ಬಿಟ್ಟು ಬರಲು ಹೇಳಿದರು.

ಎರಡನೇ ಸಲ ಹೋದಾಗ ಜವಾರಿ ನಡೆದಿತ್ತು. ಕುದುರೆಯನ್ನು ಕಾನಸಿನಿಂದ ಒಂಚೂರು ಉಜ್ಜುವುದು, ತಂತಿಯ ಕೆಳಗೆ ದಾರದೆಳೆ ಸರಿಸುವುದು, ಕಿವಿಯಿಟ್ಟು ಕೇಳುವುದು. ಒಮ್ಮೆಲೇ ತಂತಿ ಝೇಂಕರಿಸಿತು. ಮಗಳು ನನ್ನ ಕೈ ಬಿಟ್ಟು ಹತ್ತಿರ ಹೋಗಿ ಕೂತಳು.

ಆದರೂ ಕೆಂಪು ಬಣ್ಣದ ತಕರಾರು ಕಾಗವಾಡದ ತನಕ ಇತ್ತು. ಈಗ ಖರ್ಜದ ತಂತಿ ಆಗಾಗ ಇಳಿಯುತ್ತದೆ ಅಂತ ಅವಳದೇ ಹೊಸ ದೂರು. ಬಿರಟೆಗೆ ಸುಣ್ಣದ ಪುಡಿ ಹಚ್ಚಿ ನೋಡಬೇಕು.