ಮಡಿಕೇರಿಯಲ್ಲಿ ವರ್ಷಕ್ಕೊಂದು ವಾರದ ಮನೆ

ಕೊಡಗಿಗೆ ರೈಲುಮಾರ್ಗವಿಲ್ಲ. ಮೈಸೂರಿನಿಂದ ಸುಮಾರು 120 ಕಿಲೋಮೀಟರ್ ದೂರದ ಮಡಿಕೇರಿಗೆ ರಸ್ತೆಯಲ್ಲಿಯೇ ಹೋಗಬೇಕು. ಕುಶಾಲನಗರ ದಾಟಿದ ಮೇಲೆ ಬಸ್ಸು ಕಾಫಿ ತೋಟಗಳ ನಡುವೆ ಏರುತ್ತ ಸಾಗಿ, 1,100 ಮೀಟರಿಗೂ ಮಿಗಿಲಾದ ಎತ್ತರದಲ್ಲಿರುವ ಈ ಊರನ್ನು ಮುಟ್ಟುತ್ತದೆ. ಬೇಸಿಗೆಯಲ್ಲೂ ತಂಪಾದ ಗಾಳಿ, ಬೆಳಗಿನ ಮಂಜು, ಅರಸರ ಕಾಲದ ಕಟ್ಟಡಗಳು ಇದನ್ನು ನಾಡಿನ ಹೆಸರಾಂತ ಪ್ರವಾಸಿ ಪಟ್ಟಣವನ್ನಾಗಿ ಮಾಡಿವೆ. ಈಚಿನ ದಶಕಗಳಲ್ಲಿ ಇಲ್ಲಿ ಟೈಮ್‌ಷೇರ್ ಪದ್ಧತಿಯ ರೆಸಾರ್ಟುಗಳೂ ತಲೆಯೆತ್ತಿವೆ. ಇವುಗಳ ಸದಸ್ಯತ್ವ ಪಡೆಯಬಹುದೇ ಎಂದು ಭಕ್ತ ಕುಟುಂಬಗಳವರು ನಮ್ಮನ್ನು ಆಗಾಗ ಕೇಳುವುದುಂಟು. ನಾವು ಮೂರು ದಿನ ಅಲ್ಲಿ ತಂಗಿ, ಊರನ್ನೂ ಅದರ ಸುತ್ತಲಿನ ರೆಸಾರ್ಟುಗಳನ್ನೂ ನೋಡಿಬಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಟೈಮ್‌ಷೇರ್ ಎಂದರೆ ಒಂದು ವಸತಿಯನ್ನು ವರ್ಷದ ವಾರಗಳಾಗಿ ಹಂಚಿ ಹಲವರ ಉಪಯೋಗಕ್ಕೆ ಕೊಡುವ ಏರ್ಪಾಡು. 1960ರ ದಶಕದಲ್ಲಿ ಯುರೋಪಿನಲ್ಲಿ ಹುಟ್ಟಿದ ಈ ಪದ್ಧತಿ 1980ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದಿತು. ಸದಸ್ಯನು ಮೊದಲಿಗೆ ಒಂದು ದೊಡ್ಡ ಮೊತ್ತವನ್ನು ಕೊಡುತ್ತಾನೆ. ಆಮೇಲೆ ಪ್ರತಿವರ್ಷ ನಿರ್ವಹಣಾ ಶುಲ್ಕವನ್ನು ಸಲ್ಲಿಸುತ್ತಾನೆ. ಅದಕ್ಕೆ ಪ್ರತಿಯಾಗಿ ಹತ್ತೋ ಇಪ್ಪತ್ತೈದೋ ವರ್ಷಗಳವರೆಗೆ ವರ್ಷಕ್ಕೆ ಸಾಮಾನ್ಯವಾಗಿ ಏಳು ರಾತ್ರಿ ತಂಗುವ ಅವಕಾಶ ದೊರೆಯುತ್ತದೆ. ನಮ್ಮಲ್ಲಿ ಇದು ಹೆಚ್ಚಾಗಿ ವಾಸದ ಹಕ್ಕೇ ಹೊರತು ನೆಲದ ಒಡೆತನವಲ್ಲ.

ವಸತಿಯನ್ನು ಆರಿಸುವ ಮೊದಲು ಊರನ್ನು ಅರಿಯಬೇಕು. ಮಡಿಕೇರಿ ಹಾಲೇರಿ ಅರಸರ ರಾಜಧಾನಿ. ಲಿಂಗಾಯತ ಮತಾವಲಂಬಿಗಳಾಗಿದ್ದ ಈ ಮನೆತನದ ಮುದ್ದುರಾಜನು 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದನೆಂಬುದು ಇತಿಹಾಸ. ಅವನು ಕಟ್ಟಿಸಿದ ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನನು ಕಲ್ಲಿನಲ್ಲಿ ಕಟ್ಟಿಸಿದನು. ಕೋಟೆಯೊಳಗೆ ಹಳೆಯ ಅರಮನೆಯೂ ಗಾರೆಯ ಎರಡು ಆನೆಗಳೂ ಇವೆ. ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯದಲ್ಲಿ ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರು, ಎದುರಿಗೆ ಮಂಟಪವುಳ್ಳ ಕೊಳ. ಶಿವಾಲಯವೊಂದು ಇಸ್ಲಾಮೀ ಶೈಲಿಯ ಶಿರೋಭಾಗವನ್ನು ಹೊತ್ತು ನಿಂತಿರುವುದು ನೋಡತಕ್ಕದ್ದೇ ಸರಿ. ಊರಂಚಿನ ದಿಬ್ಬದ ಮೇಲಿರುವ ಗದ್ದಿಗೆಯಲ್ಲಿ ದೊಡ್ಡವೀರರಾಜೇಂದ್ರ, ರಾಣಿ ಮಹದೇವಮ್ಮಾಜಿ, ಲಿಂಗರಾಜೇಂದ್ರ ಇವರ ಸಮಾಧಿಗಳಿವೆ. ನಮ್ಮ ಮನೆಗಳ ಮಕ್ಕಳು ಇಲ್ಲಿ ಒಂದು ಗಳಿಗೆ ನಿಂತು ಹಿರಿಯರಿಂದ ಈ ಕಥೆಯನ್ನು ಕೇಳಬೇಕು.

ಆದರೆ ಮಡಿಕೇರಿಯ ಹೆಸರಿನಲ್ಲಿ ಪ್ರಚಾರ ಪಡೆಯುವ ಎಲ್ಲ ರೆಸಾರ್ಟುಗಳೂ ಊರಿನೊಳಗಿಲ್ಲ. ಕೆಲವು ದೂರದ ತೋಟಗಳ ನಡುವೆ, ಕಡಿದಾದ ಇಳಿಜಾರಿನ ದಾರಿಯ ಕೊನೆಯಲ್ಲಿವೆ. ಸ್ವಂತ ವಾಹನವಿಲ್ಲದವರಿಗೆ ಅಲ್ಲಿಂದ ದೇವಾಲಯಕ್ಕೆ ಬರುವುದೂ ಒಂದು ಯಾತ್ರೆಯೇ. ಮಂಡಿನೋವಿನ ಹಿರಿಯರಿದ್ದರೆ ಕೋಣೆಗೆ ಎಷ್ಟು ಮೆಟ್ಟಿಲು, ರಾತ್ರಿ ವೈದ್ಯರು ಎಷ್ಟು ದೂರ ಎಂಬುದನ್ನು ಮೊದಲೇ ಕೇಳಬೇಕು. ಸ್ನಾನಕ್ಕೆ ಬೆಳಗಿನ ಜಾವವೇ ಬಿಸಿನೀರು ದೊರೆಯುವುದೇ, ಲಿಂಗಪೂಜೆಗೆ ಪ್ರಶಾಂತವಾದ ಎಡೆಯುಂಟೇ, ಶಾಕಾಹಾರದ ಅಡುಗೆಯನ್ನು ಬೇರೆಯಾಗಿ ಮಾಡುವರೇ, ಕೋಣೆಯಲ್ಲಿ ನಾವೇ ಬೇಯಿಸಿಕೊಳ್ಳಲು ಒಲೆಯುಂಟೇ ಎಂಬುದನ್ನೂ ಕಣ್ಣಾರೆ ನೋಡಿ ತಿಳಿಯಬೇಕು. ಬಣ್ಣದ ಚಿತ್ರದ ಪುಸ್ತಿಕೆಯಲ್ಲಿ ಇವು ಕಾಣುವುದಿಲ್ಲ.

ಋತುವಿನ ವಿಚಾರವೂ ಮುಖ್ಯ. ಸದಸ್ಯತ್ವಗಳನ್ನು ಬೇಡಿಕೆಗೆ ತಕ್ಕಂತೆ ವರ್ಗೀಕರಿಸಿರುತ್ತಾರೆ. ಅಗ್ಗದ ವರ್ಗದವರಿಗೆ ಜನಸಂದಣಿ ಕಡಿಮೆಯಿರುವ ದಿನಗಳು ಮಾತ್ರ ಸಿಗುತ್ತವೆ. ಮಡಿಕೇರಿಯಲ್ಲಿ ಅಂಥ ದಿನಗಳೆಂದರೆ ಬಹುಮಟ್ಟಿಗೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆ ಬಯಲುಸೀಮೆಯವರ ಊಹೆಗೆ ನಿಲುಕದು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಅನೇಕ ಸಂಸಾರಗಳು ಮನೆಮಠ ಕಳೆದುಕೊಂಡವು. ಸಂಪಾಜೆಯ ದಾರಿ ಕಡಿದುಹೋಯಿತು. ಇತ್ತ ಕರಗಗಳೂ ದಶಮಂಟಪಗಳೂ ಮೆರೆಯುವ ಮಡಿಕೇರಿ ದಸರೆಯ ದಿನಗಳಲ್ಲಿ, ಶಾಲೆಗಳ ಬೇಸಿಗೆ ರಜೆಯಲ್ಲಿ ಎಲ್ಲರಿಗೂ ಕೋಣೆ ಬೇಕು. ಮಕ್ಕಳ ರಜೆಗೆ ಒದಗದ ವಾರವನ್ನು ಕೊಂಡು ಫಲವೇನು?

ಇನ್ನು ಹಣದ ಲೆಕ್ಕ. ಈ ಪ್ರವಾಸದಲ್ಲಿ ನಮ್ಮೊಡನೆ ಒಬ್ಬ ನಿವೃತ್ತ ಅಧ್ಯಾಪಕರೂ ಅವರ ಮನೆಯವರೂ ಇದ್ದರು. ಊರೂರುಗಳಲ್ಲಿ ಚದುರಿಹೋಗಿರುವ ಮಕ್ಕಳು ಮೊಮ್ಮಕ್ಕಳು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಲಿ ಎಂಬುದು ಅವರ ಹಂಬಲ. ಅದಕ್ಕಾಗಿ ನಿವೃತ್ತಿಯ ಇಡುಗಂಟಿನಿಂದ ಸದಸ್ಯತ್ವ ಪಡೆಯುವ ಯೋಚನೆ. ಹಂಬಲ ಮೆಚ್ಚತಕ್ಕದ್ದೇ. ನಾವು ಉದಾಹರಣೆಗೆಂದು ಒಂದು ಲೆಕ್ಕ ಹಾಕಿದೆವು. ಮೊದಲ ಮೊತ್ತ 4 ಲಕ್ಷ ರೂಪಾಯಿ, ವಾರ್ಷಿಕ ಶುಲ್ಕ 18,000 ಎನ್ನೋಣ. ಆ 4 ಲಕ್ಷವನ್ನು ನೂರಕ್ಕೆ 6ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 24,000 ಬರುತ್ತದೆ. ಕೈತಪ್ಪುವ ಬಡ್ಡಿ, ಕೊಡುವ ಶುಲ್ಕ ಎರಡೂ ಸೇರಿ 42,000. ಏಳು ರಾತ್ರಿಗೆ ಹಂಚಿದರೆ ಒಂದು ರಾತ್ರಿಗೆ 6,000. ಊಟ, ಪ್ರಯಾಣ ಬೇರೆ. ಶುಲ್ಕ ವರ್ಷವರ್ಷ ಏರಬಹುದು. ಅಸಲಂತೂ ಮರಳಿ ಬಾರದು.

ಆಗ ಆ ತಾಯಿ, “ಗುರುಗಳೇ, ಈ ಗಂಟು ನಮ್ಮ ಮುಪ್ಪಿನ ಊರುಗೋಲು. ಇಪ್ಪತ್ತೈದು ವರ್ಷವೆಂದರೆ ಇವರಿಗೆ ಎಂಬತ್ತೇಳಾಗುತ್ತದೆ. ಈ ಘಾಟಿಯನ್ನು ಅಲ್ಲಿಯವರೆಗೆ ಹತ್ತುವವರು ಯಾರು?” ಎಂದರು. ಅಧ್ಯಾಪಕರು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಬೆಳಗ್ಗೆ, ಅಸಲು ಬ್ಯಾಂಕಿನಲ್ಲಿಯೇ ಇರಲಿ, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಯಾವುದಾದರೂ ಹೋಂಸ್ಟೇಯಲ್ಲಿ ಎಲ್ಲರನ್ನೂ ಕರೆದು ಕೂಡಿಸೋಣ ಎಂದು ತೀರ್ಮಾನಿಸಿದರು.

ಹಾಗೆಂದು ಟೈಮ್‌ಷೇರ್ ಯಾರಿಗೂ ಸಲ್ಲದೆಂದು ನಾವು ಹೇಳುವುದಿಲ್ಲ. ಸ್ಥಿರವಾದ ಸಂಪಾದನೆಯುಳ್ಳ, ಸಾಲ ಮಾಡದೆ ಹಣ ಕೊಡಬಲ್ಲ, ಪ್ರತಿವರ್ಷ ತಪ್ಪದೆ ಹೊರಡುವ ಎಳೆಯ ಸಂಸಾರಕ್ಕೆ ಅದು ಒದಗಬಹುದು. ಬೇರೆ ಊರುಗಳ ವಸತಿಗೆ ಬದಲಾಯಿಸಿಕೊಳ್ಳುವ ಸೌಕರ್ಯವಿದ್ದರೆ ಇನ್ನೂ ಲೇಸು. ಅಂಥವರು ಮೊದಲು ಬಾಡಿಗೆ ಕೊಟ್ಟು ಅದೇ ರೆಸಾರ್ಟಿನಲ್ಲಿ ಎರಡು ದಿನ, ಸಾಧ್ಯವಾದರೆ ಮಳೆಗಾಲದಲ್ಲಿ, ಇದ್ದು ನೋಡಲಿ. ಹಳೆಯ ಸದಸ್ಯರನ್ನು ವಿಚಾರಿಸಲಿ. ಶುಲ್ಕ ಏರುವ ಬಗೆ, ಬಳಸದ ದಿನಗಳ ಗತಿ, ಮಕ್ಕಳ ಹೆಸರಿಗೆ ವರ್ಗಾವಣೆ, ಸಹಿಯ ನಂತರ ಹಿಂದೆ ಸರಿಯುವ ಗಡುವು ಇವೆಲ್ಲ ಕರಾರುಪತ್ರದಲ್ಲಿಯೇ ಇರಬೇಕು. ಮಾರುವವನ ಬಾಯಿಮಾತು ಸಾಲದು. ಉಡುಗೊರೆ ಕೊಟ್ಟು ಕರೆಸಿ, ಇಂದೇ ಸಹಿ ಹಾಕಿದರೆ ರಿಯಾಯಿತಿ ಎನ್ನುವವರಿಗೆ ನಾಳೆ ಬರುತ್ತೇವೆಂದು ಹೇಳಿ ಏಳುವುದೇ ಜಾಣತನ. ಮುಂದೆ ಅನ್ಯಾಯವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು.

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡಾಗ ಚಿಕ್ಕವೀರರಾಜೇಂದ್ರನು ಮಡಿಕೇರಿಯನ್ನು ಬಿಟ್ಟು ಕಾಶಿಗೆ ಹೋದನು. 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಅರಮನೆ ಕಟ್ಟಿಸಿದವರ ವಂಶಕ್ಕೇ ಈ ಊರಿನ ವಾಸ ಗಡುವಿನದಾಗಿತ್ತು. ಏಳು ದಿನದ ಮನೆಯನ್ನು ಅರಸುವವರು ಅದಕ್ಕಾಗಿ ವರ್ಷದ ಉಳಿದ ದಿನಗಳ ನೆಮ್ಮದಿಯನ್ನು ತೆತ್ತುಕೊಳ್ಳದಿರಲಿ ಎಂಬುದಷ್ಟೇ ನಮ್ಮ ಬಿನ್ನಹ.